ಸುಮಿತ್ರಕ್ಕನ ಅಳುಮುಖ

‘ಸುಮಿತ್ರಕ್ಕನ ಡಬ್ಬಿ ಇನ್ನೂ ವಾಪಸು ಕೊಟ್ಟಿಲ್ಲ.’

ಭಾನುವಾರ ಬೆಳಗ್ಗೆ ಮನಸ್ವಿನಿ ದಿನಚರಿಯಲ್ಲಿ ಬರೆದ ಮೊದಲ ಸಾಲು ಇದು. ಬರೆದು, ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿದ್ದ ಸ್ಟೀಲ್ ಡಬ್ಬಿಯ ಕಡೆ ನೋಡಿದಳು. ಸಂಕ್ರಾಂತಿಗೆ ಅದರ ತುಂಬ ಶೇಂಗಾ ಹೋಳಿಗೆ ಬಂದಿತ್ತು. ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು ಎಂದು ಹಾಸನದಲ್ಲಿ ಅಮ್ಮ ಹೇಳಿಕೊಟ್ಟಿದ್ದಳು. ಸಕ್ಕರೆ ಮನೆಯಲ್ಲಿತ್ತು. ಹಾಕುವುದಕ್ಕೆ ಕೈ ಏಳುತ್ತಿರಲಿಲ್ಲ.

ಎರಡನೆಯ ಸಾಲು: ‘ಕೊಡಲು ಹೋದರೆ ಅವರ ಮುಖ ನೋಡಬೇಕಾಗುತ್ತದೆ.’

ಮೂರನೆಯ ಸಾಲಿಗೆ ಪೆನ್ನು ಊರಿದವಳು ಹಾಗೆಯೇ ಎತ್ತಿದಳು. ಕಾಗದದ ಮೇಲೆ ಒಂದು ಚುಕ್ಕೆ ಉಳಿಯಿತು. ಬೇರೆ ಯಾರೂ ಓದದ ಪುಸ್ತಕದಲ್ಲೂ ಬರೆಯಲಾಗದ ಮಾತು ಅದು.

ಫೋನು ಗುನುಗಿತು.

“ಮನಸ್ವಿನಿ, ಕೆಳಗ ನಿಂತೀನಿ. ಸಂಘದ ಸದಸ್ಯರ ಪುಸ್ತಕ, ನಡಾವಳಿ ಪುಸ್ತಕ, ಒಂದು ಛಲೋ ಪೆನ್ನು, ಮೂರೂ ತಗೊಂಡು ಇಳಿ. ಚನ್ನಬಸಪ್ಪನವರ ಮನೀಗೆ ಹೋಗೂದದ.”

ವಿಂಧ್ಯಾ ದೇಸಾಯಿಯ ದನಿ. ಧಾರವಾಡದವಳು, ಅಹಮದಾಬಾದಿನಲ್ಲಿ ವಿಮಾ ಕಂಪನಿಗಳ ಪರವಾಗಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವುದು ಅವಳ ಕಸುಬು. ಊರಿನ ಕನ್ನಡ ಸಂಘದವರು ಈ ಕೇಸನ್ನು ಅವಳ ಮಡಿಲಿಗೆ ಹಾಕಿ ಹತ್ತು ದಿನವಾಗಿತ್ತು.

“ನಾನ್ಯಾಕೆ ಅಕ್ಕ?”

“ಸಂಘದ ಕಾರಕೂನಿ ನೀನ ಅಲ್ಲೇನು? ಇವತ್ತಿನ ಮಾತು ಯಾರರೆ ಬರಕೋಬೇಕು. ನಿನ್ನ ಅಕ್ಷರ ಮುತ್ತಿನಂಗ ಅವ. ಇಳಿ, ಇಳಿ.”

ಕೇಸೆಂದರೆ ಇಷ್ಟೇ. ಉತ್ತರಾಯಣ, ಅಂದರೆ ಗುಜರಾತಿನವರ ಸಂಕ್ರಾಂತಿಯ ಗಾಳಿಪಟದ ಹಬ್ಬ, ಮುಗಿದ ಮರುವಾರ ಸೂರತ್ತಿನ ಸಿಟಿ ಬಸ್ಸುಗಳ ಬೆನ್ನ ಮೇಲೆ ಸುಮಿತ್ರಕ್ಕನ ಅಳುಮುಖ ಕಾಣಿಸಿಕೊಂಡಿತ್ತು. ಪಕ್ಕದಲ್ಲಿ ‘ನನ್ನ ಗಂಡನ ಕುಡಿತ ಬಿಡಿಸಿದ್ದು ಈ ಪುಡಿ’ ಎಂಬ ಗುಜರಾತಿ ಬರಹ. ಗಂಡ ಚನ್ನಬಸಪ್ಪ ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ, ಬಾಟಲಿಯನ್ನು ಕೈಯಿಂದ ಮುಟ್ಟಿದವರಲ್ಲ. ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಸೂರತ್ತಿನ ಪಕ್ಕದ ಸಚಿನ್‌ನಲ್ಲಿದ್ದ ಹೆಡ್ಡಾಫೀಸಿನಿಂದ ಪತ್ರ ಬಂತು: ಬಾಯ್ಲರ್ ಮುಂದೆ ಕುಡುಕನನ್ನು ನಿಲ್ಲಿಸಲಾಗದು, ವಿಚಾರಣೆ ಮುಗಿಯುವ ತನಕ ಗೇಟಿನೊಳಗೆ ಬರಬೇಡಿ. ಮದ್ಯಕ್ಕೆ ನಿಷೇಧವಿರುವ ರಾಜ್ಯದಲ್ಲಿ ಕುಡುಕನೆಂಬ ಹೆಸರೇ ಅರ್ಧ ಅಪರಾಧ. ವಿಚಾರಣೆ ನಾಳೆ ಹತ್ತು ಗಂಟೆಗೆ. ಸೋತರೆ ಕೆಲಸವೂ ಹೋಯಿತು, ಕಂಪನಿ ಕೊಟ್ಟ ಮನೆಯೂ ಹೋಯಿತು.

ಮನಸ್ವಿನಿ ಡಬ್ಬಿಯನ್ನು ಕೈಗೆತ್ತಿಕೊಂಡಳು. ಮತ್ತೆ ಇಟ್ಟಳು. ಪುಸ್ತಕಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದಳು.

ಬೀದಿಯ ತಂತಿಗಳಲ್ಲಿ ಗಾಳಿಪಟಗಳ ಹರಕು ಇನ್ನೂ ನೇತಾಡುತ್ತಿತ್ತು. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಕೊರಳಿಗೆ ಸಿಗದಿರಲೆಂದು ಸ್ಕೂಟರಿನ ಮುಂದೆ ಕಟ್ಟಿದ್ದ ಕಮಾನು ಕಂಬಿಯನ್ನು ವಿಂಧ್ಯಾ ಬಿಚ್ಚಿರಲಿಲ್ಲ.

“ನಿನ್ನೆ ವಡೋದರಾದಾಗ ಒಬ್ಬ ಮಹಾನುಭಾವ ಸಿಕ್ಕಿದ್ದ,” ನಾರೋಲ್ ರಸ್ತೆಯ ಲಾರಿಗಳ ಗದ್ದಲದ ಮೇಲೆ ದನಿ ಏರಿಸಿ ಹೇಳಿದಳು. “ಬಸ್ಸಿನ ಜಾಹೀರಾತು ಮಾಡಿದಾಂವ. ಒಂದು ಖೋಲಿ, ಒಂದು ಕಂಪ್ಯೂಟರು, ಒಬ್ಬ ಗಣಪತಿ. ದೇಸಾಯಿಗಳು ಗುಜರಾತಿನಾಗೂ ಅದಾರಲ್ಲ, ನಾ ದೇಸಾಯಿ ಅಂದಕೂಡಲೇ, ‘ಬೇನ್, ನಮ್ಮವರಾ!’ ಅಂದ. ಧಾರವಾಡ ಅಂದ್ರ ನವಸಾರಿ ಕಡೆ ಯಾವುದೋ ಹಳ್ಳಿ ಇರಬೇಕು ಅನಕೊಂಡ, ಪಾಪ. ಚಹಾ ತರಿಸಿದ, ಫೈಲೂ ತಗದ.”

“ಫೈಲಲ್ಲಿ ಏನಿತ್ತು?”

“ಫೋಟೋ ಕದ್ದದ್ದಲ್ಲ. ಇಂಟರ್ನೆಟ್ಟಿನಾಗ ಫೋಟೋ ಮಾರೂ ಸ್ಟಾಕ್ ಏಜೆನ್ಸಿ ಕಡೆಯಿಂದ ರೀತಿ ಪ್ರಕಾರ ಲೈಸೆನ್ಸ್ ತಗೊಂಡಾನ. ಮುಖ ಕಾಣೋ ಫೋಟೋಕ್ಕ ಆ ಮನುಷ್ಯಾರ ಒಪ್ಪಿಗಿ ಪತ್ರ ಬೇಕು. ಅದೂ ಅದ. ಸಹಿ ಅದ, ಸಾಕ್ಷಿದಾರನ ಸಹಿನೂ ಅದ. ಫೋಟೋ ತಗದವರ ಹೆಸರಿನ ಮ್ಯಾಲೆ ಮಾತ್ರ ಏಜೆನ್ಸಿಯವರು ಕರೇ ಪಟ್ಟಿ ಎಳದಾರ.”

ಕರಿ ಪಟ್ಟಿ ಎಂದ ಕೂಡಲೇ ಮನಸ್ವಿನಿಯ ಎದೆ ಹಗುರಾಯಿತು. ಹಗುರಾಯಿತಲ್ಲಾ ಎಂದು ಮರುಕ್ಷಣವೇ ಮೈಯೆಲ್ಲ ನಾಚಿಕೆ ಹರಿಯಿತು.

“ನೀನೂ ಫೋಟೋ ತಗೀತಿ ಅಲ್ಲ?”

“ಹೀಗೇ... ಸುಮ್ನೆ.”

ಕನ್ನಡಿಯಲ್ಲಿ ವಿಂಧ್ಯಾಳ ಕಣ್ಣು ಒಮ್ಮೆ ಅವಳ ಮೇಲೆ ನಿಂತು ರಸ್ತೆಗೆ ಹಿಂದಿರುಗಿತು.

ಸುಮ್ಮನೆ ಅಲ್ಲ. ಮೊದಲ ಸಂಬಳದಲ್ಲಿ ಕೊಂಡ ಹಳೆಯ ಕ್ಯಾಮೆರಾ ಅವಳ ಮಂಚದ ಕೆಳಗಿತ್ತು. ಆಫೀಸಿನಲ್ಲಿ ದಿನವಿಡೀ ನಾಲ್ಕು ಮಾತು ಆಡದ ಹುಡುಗಿ ಅವಳು. ತಂತಿಗೆ ಸಿಕ್ಕಿದ ಒಂದು ಗಾಳಿಪಟದ ಚಿತ್ರಕ್ಕೆ ಹೆಸರೂ ಕೇಳದ ಊರಿನ ಯಾರೋ ಲೈಸೆನ್ಸ್ ಪಡೆದ ದಿನ, ‘ನನ್ನ ಕಣ್ಣನ್ನು ಒಬ್ಬರು ನಂಬಿದರು’ ಎಂದು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು. ಆಮೇಲೆ ಗಾಳಿಪಟಗಳನ್ನು ಯಾರೂ ಕೊಳ್ಳಲಿಲ್ಲ. ಕೊಳ್ಳುವವರಿಗೆ ಮುಖ ಬೇಕಿತ್ತು. ಅದರಲ್ಲೂ ನೊಂದ ಮುಖ.

ಚನ್ನಬಸಪ್ಪನವರ ಎರಡು ಕೋಣೆಯ ಮನೆಯ ಕಿಟಕಿ ಹಗಲಲ್ಲೇ ಮುಚ್ಚಿತ್ತು.

“ಬಾ ತಂಗಿ, ಬಾ!” ಸುಮಿತ್ರಕ್ಕ ಕೈ ಹಿಡಿದೇ ಒಳಗೆ ಕರೆದುಕೊಂಡಳು. “ಎಷ್ಟು ದಿನ ಆತು ನಿನ್ನ ಮಾರಿ ನೋಡಿ. ಡಬ್ಬಿ ಎಲ್ಲೈತಿ? ಅದಕ್ಕೇನು ಕಾಲು ಬಂದು ತಾನ ನಡಕೊಂತ ಬರ್ತೈತಿ ಅಂತ ಕಾಯಾಕತ್ತೀ ಏನು?”

“ಮರೆತೆ ಅಕ್ಕ.”

“ಇರ್ಲಿ ಬಿಡು. ನಾ ಹೊರಗ ಹೋಗೂದ ಬಿಟ್ಟೀನಿ, ಇಲ್ಲಂದ್ರ ನಾನ ಬಂದು ತರ್ತಿದ್ದೆ. ಹಾಲಿನಾಂವ ಸೈತ ‘ಭಾಬೀಜಿ, ಆ ಪುಡಿ ಖರೇನ ನಾಟತೈತೇನು, ನಮ್ಮ ಮಾವಗೂ ಬೇಕಾಗಿತ್ತು’ ಅಂತ ಕೇಳ್ತಾನ.”

ಅವಳು ನಗುವುದಕ್ಕೆ ನೋಡಿದಳು. ಅರ್ಧದಲ್ಲೇ ಸೆರಗು ಬಾಯಿಗೆ ಹೋಯಿತು.

ಚನ್ನಬಸಪ್ಪ ಗೋಡೆಗೊರಗಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಬುಡದಲ್ಲಿ ತೊಳೆದರೂ ಹೋಗದ ನೀಲಿ. ಕೆಲಸವಿಲ್ಲದೆ ಮೂರು ವಾರ ಕೂತ ಕೈಗಳು ತೊಡೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿದ್ದವು.

ಹನ್ನೊಂದಕ್ಕೆ ಸರಿಯಾಗಿ ರಾಕೇಶ್ ಬಂದ. ಸಂಘದ ಕ್ಯಾಮೆರಾ ಬಳಗ ಕಟ್ಟಿದವನು, ತಂದೆ ಇಲ್ಲಿಯ ಸಂಶೋಧನಾ ಕೇಂದ್ರದಲ್ಲಿದ್ದುದರಿಂದ ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದೇ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಚನ್ನಬಸಪ್ಪನವರ ಅನುಮಾನ ಮೊದಲಿನಿಂದಲೂ ಇವನ ಮೇಲೆಯೇ; ಕೂರು ಎಂದು ಯಾರೂ ಹೇಳಲಿಲ್ಲ.

“ಕೂಡಪಾ,” ಎಂದಳು ವಿಂಧ್ಯಾ. “ನಿಂತವರ ಕೂಡ ಮಾತಾಡಿದ್ರ ನನ್ನ ಕುತ್ತಿಗಿ ನೋಯತದ.”

ಚೀಲದಿಂದ ಒಂದು ಕಾಗದ ತೆಗೆದು ಚಾಪೆಯ ಮೇಲೆ ಹರಡಿದಳು. ಒಪ್ಪಿಗೆ ಪತ್ರದ ನಕಲು. ಮೇಲೆ ಕರಿ ಪಟ್ಟಿ. ಕೆಳಗೆ ಎರಡು ಸಹಿ.

“ಸಾಕ್ಷಿ ಸಹಿ ಯಾರದು?”

ರಾಕೇಶ್ ಬಗ್ಗಿ ನೋಡಿದ.

“ನಂದು.”

ಚನ್ನಬಸಪ್ಪ ಗೋಡೆ ಬಿಟ್ಟು ಮುಂದಕ್ಕೆ ಬಂದರು. “ನಾ ಹೇಳಿದ್ನಿಲ್ಲೋ! ಮನ್ಯಾಗ ಕುಂದ್ರಿಸಿ ರೊಟ್ಟಿ ತಿನಸೇವಿ ಇವನಿಗೆ!”

“ಅಂಕಲ್, ಸೈನ್ ನಂದು, ಸಾಚು, ನಿಜವೇ. ಆದ್ರೆ ಫೋಟೋ ನಾನು ತೆಗೀಲಿಲ್ಲ.”

“ಕಾಣದ್ದಕ್ಕ ಸಾಕ್ಷಿ ಹೆಂಗ ಹಾಕಿದೆ?” ವಿಂಧ್ಯಾ ಕೇಳಿದಳು.

ರಾಕೇಶ್ ಬೆರಳು ಮುರಿದುಕೊಂಡ. “ನಮ್ಮ ಬಳಗದಲ್ಲಿ... ಎಲ್ಲಾ ಹಾಗೇ ಮಾಡ್ತಾರೆ ಅಕ್ಕ. ಫೋಟೋ ವಾಕ್‌ಗೆ ಹೋದಾಗ ಸಾಕ್ಷಿ ಯಾರು ಹುಡುಕೋದು? ಅದಕ್ಕೆ ನಾನು ಒಂದೇ ಸಲ ಇಪ್ಪತ್ತು-ಇಪ್ಪತ್ತೈದು ಖಾಲಿ ಫಾರಮ್‌ಗೆ ಸೈನ್ ಮಾಡಿ ಇಟ್ಟೆ. ಸಂಘದ ಕಪಾಟಲ್ಲಿ. ಯಾರಿಗೆ ಬೇಕೋ ತಗೊಳ್ಳಿ ಅಂತ.”

“ಖಾಲಿ ಫಾರಮ್ಮಿಗೆ.”

“ಹಾಂ.”

“ಖಾಲಿ ಚೆಕ್ಕಿಗೂ ಹಿಂಗ ಮಾಡ್ತಿಯೇನು? ಮಾಡೂದಿದ್ರ ಮೊದಲ ನನಗ ಹೇಳು.”

ರಾಕೇಶನ ಕಣ್ಣು ತುಂಬಿತು. “ನಾನೇ ಎಲ್ಲಾರಿಗೂ ಹೇಳಿದ್ದು, ಹಾರ್ಡ್‌ಡಿಸ್ಕಲ್ಲಿ ಕೊಳೆಯೋ ಬದ್ಲು ಏಜೆನ್ಸಿಗೆ ಹಾಕಿ ಅಂತ. ನಾವು ಹವ್ಯಾಸಿಗಳು, ನಮ್ದು ಯಾರು ನೋಡ್ತಾರೆ? ಅಲ್ಲಿ ದುನಿಯಾ ನೋಡುತ್ತೆ. ಅದ್ರಲ್ಲಿ ಖರಾಬ್ ಏನಿದೆ?”

“ದುನಿಯಾ ನೋಡಿತಲ್ಲಪಾ,” ಎಂದಳು ಸುಮಿತ್ರಕ್ಕ ಮೆಲ್ಲಗೆ. “ಬಸ್ಸಿನ ಹಿಂದ ಬರೋ ಲಾರಿಯಾಂವ, ಸೈಕಲ್ಲಿನಾಂವ, ಎಲ್ಲಾರೂ ನೋಡಿದರು. ನನ್ನ ಮಾರಿ ನೋಡಾಕ ನನ್ನ ಒಂದು ಮಾತು ಕೇಳೂದು ಯಾರಿಗೂ ಹೊಳೀಲಿಲ್ಲೇನು?”

ಮನಸ್ವಿನಿ ನಡಾವಳಿ ಪುಸ್ತಕದಲ್ಲಿ ಆ ಮಾತನ್ನು ಅಕ್ಷರಶಃ ಬರೆದಳು.

“ಅಕ್ಕ, ಈ ಸಹಿ ನೋಡ್ರಿ,” ಎಂದಳು ವಿಂಧ್ಯಾ. “ನಿಮ್ಮದ?”

ಸುಮಿತ್ರಕ್ಕ ಕಾಗದವನ್ನು ಬೆಳಕಿಗೆ ಹಿಡಿದಳು. “ನಂದು ಇದ್ದಂಗೂ ಐತಿ, ಇಲ್ಲದಂಗೂ ಐತಿ. ಕಡೀಗೆ ನೋಡ್ರಿ, ಬಾಲ ಹೆಂಗ ಸೊಟ್ಟ ಹೋಗೈತಿ. ನಾ ಹಿಂಗ ಮಾಡಾಂಗಿಲ್ಲ.”

“ಒಂದ ಸಲ ಮಾಡೀರಿ.” ವಿಂಧ್ಯಾ ಮನಸ್ವಿನಿಯ ಮಡಿಲಿನಿಂದ ಸದಸ್ಯರ ಪುಸ್ತಕ ಎತ್ತಿಕೊಂಡು ಪುಟ ತಿರುವಿದಳು. “ನವೆಂಬರ್, ರಾಜ್ಯೋತ್ಸವದ ದಿವಸ. ಸೊಟ್ಟ ಬಾಲ.”

ಎರಡನ್ನೂ ಪಕ್ಕ ಪಕ್ಕ ಇಟ್ಟಳು. ಒಂದೇ ಬಾಲ, ಒಂದೇ ಸೊಟ್ಟ. “ಈ ಪುಸ್ತಕದ ಸಹೀನ ಅಲ್ಲಿ ಇಳಿಸ್ಯಾರ.”

“ಅಯ್ಯ! ಅವತ್ತು ನನ್ನ ಬಟ್ಟು ಕೊಯ್ದಿತ್ತು,” ಎಂದಳು ಸುಮಿತ್ರಕ್ಕ. “ಪಟ್ಟಿ ಕಟ್ಟಿಕೊಂಡ ಸಹಿ ಹಾಕಿದ್ದೆ. ಈ ತಂಗಿನ ಪಟ್ಟಿ ಕಟ್ಟಿದ್ಲು. ಹೌದಿಲ್ಲೋ?”

ಮನಸ್ವಿನಿ ತಲೆಯಾಡಿಸಿದಳು. ಆ ಬೆರಳಿನ ಬಿಸಿ ಈಗಲೂ ಅವಳ ಕೈಯಲ್ಲಿತ್ತು.

“ಹೆಂಗ ಕೊಯ್ತು?”

“ಊಟದ ಉಳ್ಳಾಗಡ್ಡಿ ಹೆಚ್ಚಾಕ ಕುಂತಿದ್ದೆ, ಈಳಿಗಿ ಮುಂದ. ಇನ್ನೂರು ಮಂದಿ ಊಟ, ಇಷ್ಟೆತ್ತರ ಉಳ್ಳಾಗಡ್ಡಿ. ಕಣ್ಣು ಉರದು ಉರದು...”

ಅವಳು ಥಟ್ಟನೆ ಎದ್ದಳು. ಬಸ್ಸಿನ ಜಾಹೀರಾತಿನ ಅಚ್ಚು ಪ್ರತಿ ಗೋಡೆಯ ಹತ್ತಿರವೇ ಬಿದ್ದಿತ್ತು. ಎತ್ತಿ, ಬೆರಳಿನಿಂದ ಕೆಳಮೂಲೆ ಒರೆಸಿದಳು. ಅಲ್ಲಿ ಕಬ್ಬಿಣದ ಒಂದು ಸಣ್ಣ ಚಂದ್ರ, ಕತ್ತರಿಸಿ ಬಿಟ್ಟ ಚಿತ್ರದ ಅಂಚಿನಲ್ಲಿ ಉಳಿದುಹೋಗಿತ್ತು.

“ಇದು ಈಳಿಗಿ! ಯವ್ವಾ, ನಾ ಅಳಾಕತ್ತಿಲ್ಲ! ನಾ ಉಳ್ಳಾಗಡ್ಡಿ ಹೆಚ್ಚಾಕತ್ತೀನಿ!”

ಮೂರು ವಾರದಲ್ಲಿ ಮೊದಲ ಸಲ ಅವಳು ಬಾಯಿತುಂಬ ನಕ್ಕಳು. ಚನ್ನಬಸಪ್ಪನವರ ಮೀಸೆಯೂ ಅಲುಗಿತು. ಆ ನಗುವಿನ ನಡುವೆ ಮನಸ್ವಿನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈರುಳ್ಳಿಯ ರಾಶಿಯನ್ನು ಚಿತ್ರದಿಂದ ಕತ್ತರಿಸಿ ತೆಗೆದ ರಾತ್ರಿ ಅವಳಿಗೆ ನೆನಪಿತ್ತು. ಕಬ್ಬಿಣದ ಚಂದ್ರ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ನಾಳೆ ಇದನ್ನ ತೋರಸ್ತೀನಿ,” ಎಂದರು ಚನ್ನಬಸಪ್ಪ.

“ತೋರಸ್ರಿ. ಅವರು ನಂಬೂದಿಲ್ಲ.” ವಿಂಧ್ಯಾ ಎರಡನೆಯ ಕಾಗದ ತೆಗೆದಳು. “ಈಗ ಕೇಳ್ರಿ. ಆ ಜಾಹೀರಾತಿನಾಂವಗ ಕೇಳಿದೆ, ಲಕ್ಷಗಟ್ಟಲೆ ಫೋಟೋದಾಗ ಇದ ಹೆಂಗ ಸಿಕ್ತು ಅಂತ. ಹುಡಕಿದೆ, ಸಿಕ್ತು ಅಂದ. ಪ್ರತಿ ಫೋಟೋದ ಕೆಳಗ ತಗದವರು ಪದಗಳನ್ನ ಬರದಿರತಾರ. ಕೊಳ್ಳಾಂವ ಏನು ಹುಡಕ್ತಾನೋ ಅದು ಅಲ್ಲಿದ್ರ ಫೋಟೋ ಮ್ಯಾಲೆ ಬರತದ. ಮಷೀನಿಗೆ ಉಳ್ಳಾಗಡ್ಡಿ ಗೊತ್ತಿಲ್ಲ, ಕಣ್ಣೀರೂ ಗೊತ್ತಿಲ್ಲ. ಬರದದ್ದು ಮನುಷ್ಯಾರು.”

ಕಾಗದವನ್ನು ಮನಸ್ವಿನಿಯ ಮುಂದಿಟ್ಟಳು.

“ಇಂಗ್ಲಿಷಿನಾಗ ಅವ. ಅಕ್ಕಾರಿಗೆ ತಿಳಿಯೂಹಂಗ ಕನ್ನಡದಾಗ ಬರಿ.”

ಮನಸ್ವಿನಿ ಬರೆದಳು. ಹೆಂಗಸು. ಭಾರತೀಯ. ಅಡುಗೆಮನೆ. ಕಣ್ಣೀರು. ಒಂಟಿತನ. ಬಡತನ. ಸಂಸಾರದ ಹಿಂಸೆ. ಪ್ರತಿಯೊಂದನ್ನೂ ಬರೆಯುವ ಮೊದಲೇ ಮುಂದಿನದು ಯಾವುದೆಂದು ಅವಳಿಗೆ ಗೊತ್ತಿತ್ತು. ಕೊನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಬೆಳಗಿನಂತೆಯೇ ಒಂದು ಚುಕ್ಕೆ.

“ಯಾಕ ತಂಗಿ?” ಸುಮಿತ್ರಕ್ಕ ಬಗ್ಗಿದಳು. “ಮಾರಿ ಎಷ್ಟು ಬಿಳಚೈತಿ. ವಿಂಧ್ಯಾ ಬಾಯಿ, ಮೆತ್ತನ ಮನಸಿನ ಹುಡುಗಿ ಇದು, ಇಂಥಾ ಹೊಲಸು ಅದರ ಕೈಲೆ ಯಾಕ ಬರಸ್ತೀರಿ? ಬೆಳಿಗ್ಗಿಂದ ಏನರೆ ತಿಂದೀಯೋ ಇಲ್ಲೋ?”

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಒಂದು ತಟ್ಟೆ ತಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮನಸ್ವಿನಿಯ ಮಡಿಲಿಗೇ ಇಟ್ಟಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

“ಕಡೀ ಪದ ಬರಕೊಳ್ಳೂಣು, ಅವಸರ ಇಲ್ಲ,” ಎಂದಳು ವಿಂಧ್ಯಾ. “ಅದಕ್ಕಿಂತ ದೊಡ್ಡ ಮಾತು ಒಂದದ. ಚನ್ನಬಸಪ್ಪನವರ, ಈ ಫೋಟೋ ನೀವು ಮೊದಲ ಎಲ್ಲಿ ನೋಡಿದ್ರಿ?”

“ಕಾರ್ಖಾನಿ ಟೈಮ್ ಆಫೀಸಿನಾಗ. ನೋಟೀಸ್ ಬೋರ್ಡಿಗೆ ಅಂಟಿಸಿ, ಕೆಳಗ ಒಂದು ಬಾಟ್ಲಿ ಚಿತ್ರ ಬರದಿದ್ದರು. ಎಲ್ಲಾರೂ ನಿಂತು ನಗತಿದ್ರು.”

“ಯಾವತ್ತು?”

“ಉತ್ತರಾಯಣದ ಸೂಟಿ ಬಿಡೂ ಹಿಂದಿನ ದಿನ. ಮಂದಿ ಎಲ್ಲಾ ಗಾಳಿಪಟದ ಮಾತಿನಾಗಿದ್ರು.”

“ಬಸ್ಸಿನ ಮ್ಯಾಲೆ ಬಂದದ್ದು?”

“ಉತ್ತರಾಯಣ ಆದ ಮ್ಯಾಲೆ...” ಅವರ ಮಾತು ಅಲ್ಲೇ ಕಡಿಯಿತು.

ಬೆರಳು ಮಡಿಚಿ ದಿನಗಳನ್ನು ಎಣಿಸಿದರು.

“ಏಜೆನ್ಸಿಯವರು ಇಷ್ಟ ಹೇಳಿದರು,” ವಿಂಧ್ಯಾ ದನಿ ತಗ್ಗಿಸಿದಳು. “ಈ ಫೋಟೋ ಎರಡು ಸಲ ಮಾರಾಟ ಆಗೇದ. ಬಸ್ಸಿನಾಂವ ಎರಡನೇದಾಂವ. ಅವನಕಿಂತ ಮೊದಲ ಯಾರೋ ತಗೊಂಡು ನಿಮ್ಮ ಬೋರ್ಡಿಗೆ ಅಂಟಿಸ್ಯಾರ. ನೀವು ಡಿಸೆಂಬರಿನಾಗ ಬಾಯ್ಲರಿನ ಸೇಫ್ಟಿ ವಾಲ್ವ್ ಕೆಟ್ಟದ ಅಂತ ಲಿಖಿತ ದೂರು ಕೊಟ್ಟಿದ್ದಿರಿ, ಹೌದಿಲ್ಲೋ? ಕುಡುಕ ಕೊಟ್ಟ ದೂರಿಗೆ ಯಾರು ಕಿಮ್ಮತ್ತು ಕೊಡ್ತಾರ?”

ಚನ್ನಬಸಪ್ಪ ತಮ್ಮ ನೀಲಿ ಉಗುರುಗಳನ್ನೇ ನೋಡುತ್ತ ಕೂತರು. “ಆ ವಾಲ್ವ್ ಇನ್ನೂ ರಿಪೇರಿ ಆಗಿಲ್ಲ,” ಎಂದರು. “ನನ್ನ ಜಾಗಾದಾಗ ಯಾರೋ ನಿಂತಿರ್ತಾನ ಅದರ ಮುಂದ.”

“ಮೊದಲಿನ ಗಿರಾಕಿ ಯಾರು ಅಂತ ಏಜೆನ್ಸಿ ನನಗ ಹೇಳೂದಿಲ್ಲ. ಫೋಟೋ ತಗದವರು ತಮ್ಮ ಖಾತೆಯಿಂದ ಕೇಳಿದ್ರ ಹೇಳ್ತಾರ. ಅದೂ ಇವತ್ತ ಕೇಳಬೇಕು. ನಾಳೆ ಹತ್ತಕ್ಕ ವಿಚಾರಣೆ.”

“ಹಂಗಾದ್ರ ಕೇಳಲಿ!” ಚನ್ನಬಸಪ್ಪ ರಾಕೇಶನ ಕಡೆ ಬೆರಳು ತೋರಿದರು. “ಸಹಿ ಅವಂದು. ಸಂಘದ ಪುಸ್ತಕ ಸ್ಕ್ಯಾನ್ ಮಾಡಿದಾಂವ ಅವನ. ಕ್ಯಾಮೆರಾ ಅವಂದು. ಇನ್ನೇನು ಬೇಕು? ಪೊಲೀಸರಿಗೆ ಬರದು ಕೊಡೂನು, ಅವರ ಕೇಳಿ ತಗೀತಾರ.”

ರಾಕೇಶ್ ಎದ್ದು ನಿಂತ. ಬಾಯಿಂದ ಸಣ್ಣ ಹುಡುಗನ ದನಿ ಬಂತು.

“ಫಾರಮ್ ಇಟ್ಟಿದ್ದು ನಾನು. ಏಜೆನ್ಸಿಗೆ ಹಾಕಿ ಅಂದಿದ್ದೂ ನಾನು. ಯಾರು ತೆಗೆದ್ರೂ ತಪ್ಪು ನಂದೇ ಆಯ್ತಲ್ಲ? ನಾನೇ ಅಂತ ಬರ್ಕೊಳ್ಳಿ ಅಂಕಲ್. ಆಂಟಿ ಅಳೋದು ನನಗೆ ನೋಡಕ್ಕಾಗಲ್ಲ.”

“ಕೇಳಿದ್ರಿಲ್ಲೋ, ಒಪ್ಪಿಕೊಂಡ!” ಚನ್ನಬಸಪ್ಪ ಮನಸ್ವಿನಿಯತ್ತ ತಿರುಗಿದರು. “ಬರಿ ತಂಗಿ. ‘ಫೋಟೋ ತೆಗೆದವನು ರಾಕೇಶ್’ ಅಂತ ಬರಿ.”

ವಿಂಧ್ಯಾ ರಾಕೇಶನನ್ನು ನೋಡುತ್ತಿರಲಿಲ್ಲ. ಸದಸ್ಯರ ಪುಸ್ತಕದ ಮೇಲೆ ಕೈಯಿಟ್ಟು, ಮಾಂಜಾ ಎಲ್ಲಿ ಕೊಯ್ಯುತ್ತದೆಂದು ತಿಳಿದವಳಂತೆ ಸುಮ್ಮನೆ ಕಾಯುತ್ತಿದ್ದಳು. ಆ ಪುಸ್ತಕ ಇರುತ್ತಿದ್ದುದು ಮನಸ್ವಿನಿಯ ಮನೆಯಲ್ಲಿ; ಅದನ್ನು ಅವಳೇ ತರಬೇಕೆಂದು ಬೆಳಗ್ಗೆ ಫೋನಿನಲ್ಲಿ ವಿಂಧ್ಯಾ ಹೇಳಿದ್ದು ಯಾಕೆಂದು ಅವಳಿಗೆ ಈಗ ಅರ್ಥವಾಯಿತು.

ಪೆನ್ನು ಕಾಗದಕ್ಕೆ ತಾಗಿತು. ‘ಫೋಟೋ ತೆಗೆದ’ ಎಂದು ಬರೆದಳು. ಮುತ್ತಿನಂಥ ಅಕ್ಷರ. ಇನ್ನೊಂದು ಹೆಸರು ಬರೆದರೆ ಮುಗಿಯಿತು. ಕರಿ ಪಟ್ಟಿ ಕರಿ ಪಟ್ಟಿಯಾಗಿಯೇ ಉಳಿಯುತ್ತದೆ, ಡಬ್ಬಿಗೆ ಸಕ್ಕರೆ ಹಾಕಿ ಕೊಟ್ಟು ಬರಬಹುದು.

ಮಡಿಲ ತಟ್ಟೆಯಲ್ಲಿ ರೊಟ್ಟಿ ಇನ್ನೂ ಬಿಸಿಯಾಗಿತ್ತು.

“ಏನಂತ ಐತಿ ತಂಗಿ, ಆ ಕಡೀ ಪದ?” ಸುಮಿತ್ರಕ್ಕ ಕೇಳಿದಳು. “ಒಂದು ಬರೀದ ಬಿಟ್ಟೆಲ್ಲ. ನನ್ನ ಬಗ್ಗೆ ಏನು ಬರದಾರ ಅಂತ ನನಗರೆ ಗೊತ್ತಾಗ್ಲಿ.”

ಮನಸ್ವಿನಿ ಪೆನ್ನಿನ ಮುಚ್ಚಳ ಹಾಕಿದಳು. ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಚಾಪೆಯ ಮೇಲಿಟ್ಟಳು. ಬಸ್ಸಿನ ಮೇಲಿನ ಮುಖವನ್ನಲ್ಲ, ಎದುರು ಕೂತ ಮುಖವನ್ನು ನೋಡಿದಳು.

“ಕುಡುಕನ ಹೆಂಡತಿ ಅಂತ ಇದೆ ಅಕ್ಕ,” ಎಂದಳು. “ಬರೆದವಳು ನಾನು.”